ಎತ್ತಿದ ಕೈ

ಪತ್ರಿಕೆ ಓದಿ ಆಟಗಾರರನ್ನು ಅರಿತವಳಲ್ಲ ನಾನು.
ಕವಾಲಾದ ಕ್ರೀಡಾಂಗಣದ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ಅಂಗಿ ಒಗೆದವಳು.
ಗೋಲು ಹೊಡೆಯುವವರದು ಬರೀ ಬೆವರು,
ಒಂದು ನೀರಿಗೆ ಹೋಗುತ್ತದೆ.
ನಾಲ್ಕನೆಯ ನಂಬರಿನವನ ಬಟ್ಟೆ ಹಾಗಲ್ಲ:
ಎಡತೊಡೆಯ ಉದ್ದಕ್ಕೂ ಹುಲ್ಲಿನ ಹಸಿರು ಗೀರು,
ಮೊಣಕೈಗೆ ಗೆರೆಯ ಸುಣ್ಣ,
ಕಾಲರಿನಲ್ಲಿ ರಕ್ತ.
ಕೇಳಿದರೆ, "ನನ್ನದಲ್ಲ, ಕೀರಿಯಾ ಮಿರ್ಸಿನಿ" ಅನ್ನುತ್ತಿದ್ದ,
ಹುಬ್ಬಿನ ಮೇಲೆ ಹೊಸ ಹೊಲಿಗೆ ಇಟ್ಟುಕೊಂಡೇ.

ಫಾನೂರಿಸ್ ವೆಲೆಂಜಾಸ್.
ಥಾಸೋಸ್ ದ್ವೀಪದವನು. ಅಪ್ಪ ಅಮೃತಶಿಲೆಯ ಗಣಿಯಲ್ಲಿ.
ಹದಿನೈದರಲ್ಲಿ ಬೆಳಗಿನ ಫೆರಿ ಹತ್ತಿ ಬರುತ್ತಿದ್ದ,
ಚೀಲದಲ್ಲಿ ಬ್ರೆಡ್ಡು, ಸುಕ್ಕುಗಟ್ಟಿದ ಕರಿ ಆಲಿವ್,
ಬೂಟಿನ ಹೊಲಿಗೆಯಲ್ಲಿ ಬಿಳಿಯ ಹುಡಿ.
ಎಷ್ಟು ತೊಳೆದರೂ ಬಕೆಟ್ಟಿನ ತಳದಲ್ಲಿ
ಒಂದು ಚಿಟಿಕೆ ದ್ವೀಪ ಉಳಿಯುತ್ತಿತ್ತು.

ಕಳೆದದ್ದನ್ನು ತೋರಿಸಿಕೊಡುವ ಸಂತನ ಹೆಸರು ಅವನಿಗೆ.
ಉಂಗುರ ಕಳೆದರೆ, ಬೀಗದ ಕೈ ಕಳೆದರೆ
ಆ ಸಂತನಿಗೆ ಕೇಕು ಹರಕೆ ಹೊರುತ್ತೇವೆ ನಾವು,
ಮೊಟ್ಟೆ ಹಾಕದೆ, ಒಂಬತ್ತೇ ಸಾಮಾನಿನದು.
ಇವನನ್ನು ಮಾತ್ರ ಯಾರೂ ಕಂಡವರಿಲ್ಲ.
ರಕ್ಷಣೆಯವನ ಒಳ್ಳೆಯ ದಿನವೆಂದರೆ ಏನೂ ಆಗದ ದಿನ.
ಆಗದೇ ಹೋದದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಒಂದು ಸಲ ಕಂಡರು.
ಮಳೆ, ಎಂಬತ್ತೆಂಟನೆಯ ನಿಮಿಷ,
ಅವನ ಮೊಣಕಾಲಿಗೆ ಬಡಿದ ಚೆಂಡು ನಮ್ಮದೇ ಬಲೆಗೆ.
ಬೆಳಗಾದರೆ ಮೀನುಪೇಟೆಯ ತುಂಬ ಅವನ ಹೆಸರು.
"ಎಷ್ಟು ತಿಂದನಂತೆ?" ಅಂದ ತಕ್ಕಡಿ ಹಿಡಿದವನು.
ತೂಗಿದ ಮೀನನ್ನೆಲ್ಲ ಅವನ ಮಂಜುಗಡ್ಡೆಯ ಮೇಲೇ ಸುರಿದು ಬಂದೆ.
ಆ ವಾರವಿಡೀ ಮನೆಯಲ್ಲಿ ಬೀನ್ಸು.

ಆಮೇಲೆ ಮಾರಿದರು. ಲಾರ್ನಾಕಾ ಎರಡು ವರ್ಷ,
ರುಮೇನಿಯಾದ ಯಾವುದೋ ಉಕ್ಕಿನ ಊರು ಒಂದು ವರ್ಷ,
ಅಲ್ಲಿಂದ ಸುದ್ದಿಯೇ ಇಲ್ಲ.
ನಾನು ಕೇಕು ಮಾಡಿದೆ. ನಗಬೇಡಿ.
ಮೂರನೆಯ ವಾರ ಬಾಗಿಲಲ್ಲಿ ನಿಂತಿದ್ದ, ಊರುಗೋಲಿನ ಮೇಲೆ.
ಸಂತ ಹುಡುಕಿ ಕೊಟ್ಟಿದ್ದ,
ಮೊಣಕಾಲೊಂದನ್ನು ಅಲ್ಲೇ ಬಿಟ್ಟು.

ಅದು ದೇಶಕ್ಕೇ ಕೈ ಖಾಲಿಯಾದ ಕಾಲ.
ಏಳು ತಿಂಗಳು ಸಂಬಳದ ಬದಲು ಅಧ್ಯಕ್ಷರ ಮಾತು ಬಂತು.
ಬೆಚ್ಚಗಿರುತ್ತದೆಂದು ಅವನು ನನ್ನ ಕೋಣೆಗಿಳಿದು
ಬಟ್ಟೆ ಒಣಗಿಸುವ ಯಂತ್ರಕ್ಕೆ ಮಂಡಿಯೊತ್ತಿ ಕೂರುತ್ತಿದ್ದ.
ಒಮ್ಮೆ ಸಾಬೂನು ತಂದ, ತನ್ನ ದುಡ್ಡಿನಲ್ಲಿ.
ಅರವತ್ತೊಂದನೆಯ ನಿಮಿಷಕ್ಕೆ ಹೊರಗೆ ಕರೆದರು, ಒಂದು ಭಾನುವಾರ.
ಆ ಅಂಗಿಯಲ್ಲಿ ಹುಲ್ಲಿನ ಕಲೆ ಇರಲಿಲ್ಲ.
ಅಷ್ಟು ಚೊಕ್ಕಟ ಬಟ್ಟೆ ಅವನಿಂದ ಬಂದದ್ದು ಅದೊಂದೇ,
ಮುಗಿಯಿತು ಅಂತ ನನಗೆ ಮೊದಲು ತಿಳಿಯಿತು.

ಒಂದು ಹೇಳದಿದ್ದರೆ ಅನ್ಯಾಯ.
ನಾಲ್ವರನ್ನು ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಮುಂದಕ್ಕೆ ಸರಿಸಿ,
ಓಡಿಬಂದವನನ್ನು ಬಯಲಲ್ಲಿ ಒಂಟಿ ಬಿಟ್ಟು
ಬಲಗೈ ಮೇಲೆತ್ತುತ್ತಿದ್ದನಲ್ಲ, ಆಫ್‌ಸೈಡ್ ಅಂತ,
ಅದರಲ್ಲಿ ಅವನು ನಿಜಕ್ಕೂ ಎತ್ತಿದ ಕೈ.
ತಿಂಗಳಿಗೊಮ್ಮೆ ಆ ಕಂಕುಳ ಹೊಲಿಗೆ ಬಿಡುತ್ತಿತ್ತು.
ಹೊಲಿದು ಹೊಲಿದು ಅಲ್ಲಿ ಅಂಗಿಗಿಂತ ನನ್ನ ನೂಲೇ ಹೆಚ್ಚು.

ಮೊನ್ನೆ ಥಾಸೋಸಿನಿಂದ ಹಿಂದಿರುಗುವಾಗ
ಫೆರಿಯ ಬಾಯಲ್ಲಿ ಕಿತ್ತಳೆ ಕೋಟಿನವನೊಬ್ಬ.
ಅಮೃತಶಿಲೆ ಹೇರಿದ ಲಾರಿ ಹಿಂದುಹಿಂದಾಗಿ ಏರುತ್ತಿತ್ತು,
ಗೋಡೆಯಷ್ಟು ದೊಡ್ಡ ಬಿಳಿ ಬಂಡೆ,
ಅವನ ಎದೆಯತ್ತಲೇ.
ಬಾ, ಬಾ, ಇನ್ನೂ ಬಾ.
ಆಮೇಲೆ ಬಲಗೈ ಮೇಲೆ.
ಲಾರಿ ಗೇಣಿನ ದೂರದಲ್ಲಿ ನಿಂತಿತು.
ಏನೂ ಆಗಲಿಲ್ಲ.
ಜನ ಕಾಫಿಯ ಸಾಲಿಗೆ ಹೊರಟರು.

ನನ್ನ ಕಣ್ಣು ಮಾತ್ರ ಕಂಕುಳಿಗೆ ಹೋಯಿತು.
ಬಿಟ್ಟಿತ್ತು, ಅಲ್ಲೇ, ಎರಡು ಬೆರಳಗಲ.
ಚೀಲದಲ್ಲಿ ಸೂಜಿ ತಡಕುತ್ತ ಅಂದೆ: "ಬಿಚ್ಚಿ ಕೊಡೋ ಇಲ್ಲಿ."
"ಇನ್ನೂ ಮೂರು ಲಾರಿ ಇವೆ, ಕೀರಿಯಾ ಮಿರ್ಸಿನಿ," ಅಂದ,
ತಿರುಗಿಯೂ ನೋಡದೆ.